ಟಿವಿ ಸ್ಪರ್ಧೆಯ ಫಲಿತಾಂಶ ತಯಾರಾಗುವುದೆಲ್ಲಿ?

2025ರ ಜನವರಿಯಲ್ಲಿ ‘ಬಿಗ್ ಬಾಸ್’ ಕನ್ನಡದ ಹನ್ನೊಂದನೇ ಆವೃತ್ತಿ ಮುಗಿದಾಗ, ಗೆದ್ದ ಹನುಮಂತ ಅವರಿಗೆ ಬಿದ್ದ ಮತಗಳೆಂದು ಪರದೆಯ ಮೇಲೆ ಕಾಣಿಸಿದ ಸಂಖ್ಯೆ 5 ಕೋಟಿ 23 ಲಕ್ಷವನ್ನು ದಾಟಿತ್ತು. 2024ರ ಲೋಕಸಭಾ ಚುನಾವಣೆಯಲ್ಲಿ ಇಡೀ ಕರ್ನಾಟಕದ ಮತದಾರರ ಪಟ್ಟಿಯಲ್ಲಿದ್ದವರೇ ಸುಮಾರು 5.47 ಕೋಟಿ. ಹಾಗಾದರೆ ರಾಜ್ಯದ ಬಹುಪಾಲು ಮತದಾರರು ಒಬ್ಬನೇ ಸ್ಪರ್ಧಿಗೆ ಮತ ಹಾಕಿದರೇ? ಈ ಪ್ರಶ್ನೆ ಅಂದು ಬಳ್ಳಾರಿಯ ಚಹಾದಂಗಡಿಗಳಲ್ಲೂ ಸಿಂಧನೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡುವಂಥದ್ದೇ. ಹಾಡು, ಕುಣಿತ, ಹಾಸ್ಯದ ಸ್ಪರ್ಧೆಗಳು ಮುಗಿದಾಗಲೂ ಇದೇ ಗೊಂದಲ ಮರುಕಳಿಸುತ್ತದೆ. ಒಂದು ಗುಂಪು ‘ಎಲ್ಲವೂ ಮೊದಲೇ ನಿಗದಿ’ ಎನ್ನುತ್ತದೆ, ಇನ್ನೊಂದು ‘ಜನರೇ ಗೆಲ್ಲಿಸಿದರು’ ಎನ್ನುತ್ತದೆ.

ಎರಡೂ ಮಾತುಗಳು ಮತ ಎಣಿಕೆಯನ್ನೇ ನೋಡುತ್ತಿವೆ. ಫಲಿತಾಂಶಕ್ಕೆ ಆಕಾರ ಬರುವುದು ಬಹುತೇಕ ಅದಕ್ಕೂ ಮೊದಲು. ಎಣಿಕೆಗೆ ಕೈ ಹಾಕದೆಯೇ ನಿರ್ಮಾಪಕರು ಗೆಲುವಿನ ದಿಕ್ಕನ್ನು ಬಹಳಷ್ಟು ತಿರುಗಿಸಬಲ್ಲರು. ಆ ಕೆಲಸದ ಹೆಚ್ಚಿನ ಪಾಲು ನಮ್ಮ ಕಾನೂನಿನ ಪ್ರಕಾರ ತಪ್ಪೂ ಅಲ್ಲ.

ಮತ ಬೇರೆ, ಮತದಾರ ಬೇರೆ

ಮೊದಲು ಆ ಕೋಟಿಗಳ ಲೆಕ್ಕ. ಚುನಾವಣೆಯಲ್ಲಿ ಒಬ್ಬರಿಗೆ ಒಂದೇ ಮತ. ಟಿವಿ ಸ್ಪರ್ಧೆಗಳಲ್ಲಿ ಒಂದೇ ಖಾತೆಯಿಂದ ಹಲವು ಮತ ಹಾಕಲು ಅವಕಾಶವಿರುವುದು ಸಾಮಾನ್ಯ. ಒಂದು ಮನೆಯಲ್ಲಿ ನಾಲ್ಕು ಮೊಬೈಲ್ ಇದ್ದರೆ ನಾಲ್ಕು ಖಾತೆ. ಪಟ್ಟುಹಿಡಿದ ಕೆಲವೇ ಲಕ್ಷ ಅಭಿಮಾನಿಗಳಿದ್ದರೂ ಸಂಖ್ಯೆ ಕೋಟಿಗೆ ಏರುತ್ತದೆ. ಇದರಲ್ಲಿ ಕಳ್ಳಲೆಕ್ಕವೇನೂ ಬೇಕಾಗಿಲ್ಲ. ಆದರೆ ‘ಇಷ್ಟು ಮತ’ ಎಂದು ಸಾರುವ ವಾಹಿನಿ ‘ಇಷ್ಟು ಜನ’ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಎಷ್ಟು ಜನ ಇಷ್ಟಪಟ್ಟರು ಎನ್ನುವುದಕ್ಕಿಂತ, ಇಷ್ಟಪಟ್ಟವರು ಎಷ್ಟು ಬಾರಿ ಬೆರಳು ಒತ್ತಿದರು ಎನ್ನುವುದೇ ಇಲ್ಲಿ ಅಳತೆಗೋಲು.

ಹಿಂದೆ ಎಸ್‌ಎಂಎಸ್ ಕಾಲದಲ್ಲಿ ಪ್ರತಿ ಮತಕ್ಕೂ ಹಣ ಕಟ್ಟಬೇಕಿತ್ತು, ಅದರಲ್ಲಿ ವಾಹಿನಿಗೂ ದೂರಸಂಪರ್ಕ ಕಂಪನಿಗೂ ಪಾಲಿರುತ್ತಿತ್ತು. ಈಗ ಮತ ಹಾಕಲು ಆ್ಯಪ್ ತೆರೆಯಬೇಕು, ಮೊಬೈಲ್ ಸಂಖ್ಯೆ ಕೊಟ್ಟು ಲಾಗಿನ್ ಆಗಬೇಕು. ಮತ ಉಚಿತವಾಯಿತು, ಮತದಾರ ಆ್ಯಪ್‌ನ ಬಳಕೆದಾರನಾದ. ಮತ ಹೆಚ್ಚಿದಷ್ಟೂ ವಾಹಿನಿಗೆ ಲಾಭ ಎಂಬುದು ಮಾತ್ರ ಎರಡೂ ಕಾಲದಲ್ಲಿ ಒಂದೇ. ಜಿದ್ದಾಜಿದ್ದಿ ಕೊನೆಯ ವಾರದವರೆಗೂ ಉಳಿಯಬೇಕು ಎನ್ನುವ ಒತ್ತಡ ಹುಟ್ಟುವುದು ಇಲ್ಲಿಂದಲೇ.

ಕ್ಯಾಮೆರಾ ಕಾಣುವ ಮೊದಲೇ

ಜಿಲ್ಲಾ ಕೇಂದ್ರದ ಆಡಿಷನ್‌ಗೆ ಹೋದವರಿಗೆ ಒಂದು ಸಂಗತಿ ಗೊತ್ತು: ಅಲ್ಲಿ ಟಿವಿಯಲ್ಲಿ ಕಾಣುವ ತೀರ್ಪುಗಾರರು ಇರುವುದಿಲ್ಲ. ಮೊದಲ ಸೋಸುವಿಕೆ ನಡೆಸುವುದು ಕಾರ್ಯಕ್ರಮದ ತಂಡ. ಅರ್ಧ ನಿಮಿಷದ ಹಾಡು, ಒಂದೆರಡು ಪ್ರಶ್ನೆ, ಒಂದು ಅರ್ಜಿ. ಆ ಅರ್ಜಿಯಲ್ಲಿ ಸಂಗೀತ ಯಾರ ಬಳಿ ಕಲಿತಿರಿ ಎನ್ನುವುದರ ಜೊತೆಗೆ ಮನೆಯ ಪರಿಸ್ಥಿತಿ, ತಂದೆಯ ಕಸುಬು, ಬದುಕಿನಲ್ಲಿ ಮರೆಯಲಾಗದ ಘಟನೆಗಳಂಥ ಪ್ರಶ್ನೆಗಳೂ ಇರುತ್ತವೆ. ಹಾಡುಗಾರಿಕೆಗೆ ಸಂಬಂಧವಿಲ್ಲದ ಈ ವಿವರಗಳು ಆಯ್ಕೆಯಾದ ಮೇಲೆ ಬಂಡವಾಳವಾಗುತ್ತವೆ.

ಇಪ್ಪತ್ತು ಜನರ ತಂಡ ಕಟ್ಟುವಾಗ ಅತ್ಯುತ್ತಮ ಇಪ್ಪತ್ತು ಕಂಠಗಳನ್ನೇ ಆರಿಸಿದರೆ ಕಾರ್ಯಕ್ರಮ ಸೊರಗುತ್ತದೆ ಎಂಬ ಅಂಜಿಕೆ ನಿರ್ಮಾಪಕರಿಗಿದೆ. ಶಾಸ್ತ್ರೀಯ ಕಲಿತ ಒಬ್ಬಳು, ಹಳ್ಳಿಯ ಜಾನಪದ ಗಾಯಕನೊಬ್ಬ, ಕೆಲಸ ಬಿಟ್ಟು ಬಂದ ಎಂಜಿನಿಯರ್, ನಗಿಸುವ ಹುಡುಗ ಹೀಗೆ ಪಾತ್ರವರ್ಗ ತುಂಬಬೇಕು. ಕರಾವಳಿ, ಮಲೆನಾಡು, ಹಳೇ ಮೈಸೂರು, ಉತ್ತರ ಕರ್ನಾಟಕ ಎಲ್ಲ ಕಡೆಯಿಂದಲೂ ಒಬ್ಬೊಬ್ಬರಾದರೂ ಬೇಕು, ಏಕೆಂದರೆ ಸ್ಪರ್ಧಿಯ ಹಿಂದೆ ಆ ಭಾಗದ ನೋಡುಗರು ಬರುತ್ತಾರೆ. ರಾಯಚೂರಿನಿಂದ ಬಂದ ಮೂವರು ಸಮಾನವಾಗಿ ಹಾಡಿದರೂ ಮೂವರಿಗೂ ಜಾಗ ಸಿಗುವುದು ಕಷ್ಟ. ಆ ಭಾಗದ ಖಾನೆ ಒಬ್ಬರಿಂದಲೇ ತುಂಬಿರುತ್ತದೆ.

ಒಂದೂವರೆ ನಿಮಿಷದ ‘ವಿಟಿ’

ಸ್ಪರ್ಧಿಯನ್ನು ಪರಿಚಯಿಸಲು ಹಾಡಿಗೆ ಮೊದಲು ತೋರಿಸುವ ತುಣುಕಿಗೆ ಟಿವಿಯವರು ‘ವಿಟಿ’ ಎನ್ನುತ್ತಾರೆ. ನಿರ್ಮಾಪಕರ ಕೈಯಲ್ಲಿರುವ ಅತ್ಯಂತ ಬಲವಾದ ಅಸ್ತ್ರ ಇದೇ ಎಂಬುದು ಈ ಲೇಖಕನ ಅಭಿಪ್ರಾಯ.

ಲಿಂಗಸುಗೂರು ತಾಲ್ಲೂಕಿನ ಒಬ್ಬ ಗಾಯಕನನ್ನು ಕಲ್ಪಿಸಿಕೊಳ್ಳಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಏಳೆಂಟು ವರ್ಷ ಹಿಂದುಸ್ತಾನಿ ಕಲಿತವನು, ಹಾರ್ಮೋನಿಯಂ ಬಲ್ಲವನು, ಊರೂರಿನ ಭಜನಾ ಮೇಳಗಳಲ್ಲಿ ಹಾಡಿದವನು. ತಂದೆಗೆ ಮೂರು ಎಕರೆ ಹತ್ತಿ ಹೊಲ, ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ. ಚಿತ್ರೀಕರಣ ತಂಡ ಎರಡು ದಿನ ಊರಿನಲ್ಲಿದ್ದು ಎಲ್ಲವನ್ನೂ ಸೆರೆಹಿಡಿಯುತ್ತದೆ. ತೆರೆಗೆ ಬರುವುದು ಯಾವುದು? ತಾಯಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದು, ಸೋರುವ ಮಾಳಿಗೆ, ಹತ್ತಿ ಬಿಡಿಸುತ್ತ ಹಾಡುವ ಹುಡುಗ, ಗುಳೆಯ ಮಾತು ಬಂದಾಗ ತಂದೆಯ ಕಣ್ಣೀರು, ಹಿನ್ನೆಲೆಯಲ್ಲಿ ಕೊಳಲು. ಪುಣ್ಯಾಶ್ರಮದ ವರ್ಷಗಳಿಗೆ ಸಿಗುವುದು ಹೆಚ್ಚೆಂದರೆ ಒಂದು ವಾಕ್ಯ. ಕೆಲವೊಮ್ಮೆ ಅದೂ ಇಲ್ಲ.

ತೋರಿಸಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಕಲಿತು ಪಳಗಿದ ಕಲಾವಿದನೊಬ್ಬ ಈ ಒಂದೂವರೆ ನಿಮಿಷದಲ್ಲಿ ದೇವರು ಕೊಟ್ಟ ಕಂಠದ ಬಡಹುಡುಗನಾಗುತ್ತಾನೆ. ಮುಂದಿನ ವಾರ ಅವನು ಸ್ವಲ್ಪ ತಪ್ಪಿದರೂ ನೋಡುಗರು ಕ್ಷಮಿಸುತ್ತಾರೆ. ಬೆಂಗಳೂರಿನ ಮಧ್ಯಮ ವರ್ಗದ ಹುಡುಗಿ ಅಷ್ಟೇ ತಪ್ಪಿದರೆ ಆ ಕ್ಷಮೆ ಇಲ್ಲ, ಏಕೆಂದರೆ ಆಕೆಯ ವಿಟಿಯಲ್ಲಿ ಅಳುವ ಜಾಗವೇ ಇರಲಿಲ್ಲ. ಇನ್ನು ಅದೇ ಲಿಂಗಸುಗೂರಿನ ಹುಡುಗ ಕಾರ್ಯಕ್ರಮದ ನಡುವಿನಲ್ಲಿ ಹೊಸ ಅಂಗಿ ತೊಟ್ಟು ಸ್ವಲ್ಪ ಎದೆಯುಬ್ಬಿಸಿ ಮಾತನಾಡಿದ ಎನ್ನಿ. ಆ ಹತ್ತು ಸೆಕೆಂಡನ್ನು ಪ್ರೋಮೋದಲ್ಲಿ ಮೂರು ಬಾರಿ ತೋರಿಸಿದರೆ ‘ಜಂಬ ಬಂತು’ ಎಂಬ ಮಾತು ತಾನಾಗಿ ಹರಡುತ್ತದೆ. ಕಟ್ಟಿದ ಕೈಗೆ ಕೆಡವುವುದೂ ಸುಲಭ.

ಕಲ್ಯಾಣ ಕರ್ನಾಟಕದ ಸ್ಪರ್ಧಿಗಳಿಗೆ ಇನ್ನೊಂದು ಸುಂಕವಿದೆ. ಅವರ ಮಾತಿನ ಧಾಟಿಯನ್ನು ನಿರೂಪಕರು ಅಣಕಿಸಿ ನಗಿಸುವುದು ರೂಢಿಯಾಗಿಬಿಟ್ಟಿದೆ. ನಗು ಮೂಡಿದಾಗ ಜನಪ್ರಿಯತೆಯೂ ಬರುತ್ತದೆ, ಒಪ್ಪೋಣ. ಆದರೆ ಹಾಡುಗಾರನೊಬ್ಬ ಹೀಗೆ ವಾರಗಟ್ಟಲೆ ಹಾಸ್ಯಪಾತ್ರವಾಗಿಯೇ ಉಳಿದರೆ ಅಂತಿಮ ಸುತ್ತಿನಲ್ಲಿ ಅವನನ್ನು ಗಂಭೀರ ಗಾಯಕನೆಂದು ಕಾಣುವುದು ನೋಡುಗರಿಗೆ ಕಷ್ಟ.

ಹಾಡು, ಸರದಿ, ಧ್ವನಿ

ಸ್ಪರ್ಧಿ ತನಗಿಷ್ಟವಾದದ್ದನ್ನೆಲ್ಲ ಹಾಡುವಂತಿಲ್ಲ. ಹಕ್ಕುಸ್ವಾಮ್ಯದ ಪರವಾನಗಿ, ವಾರದ ವಿಷಯ, ಬರಲಿರುವ ಅತಿಥಿ ಇವುಗಳಿಗೆ ಹೊಂದುವ ಹಾಡನ್ನು ತಂಡದ ಜೊತೆ ಮಾತಾಡಿ ಗೊತ್ತುಮಾಡಬೇಕು. ವಿಜಯದಾಸರು, ಜಗನ್ನಾಥದಾಸರ ನೆಲದಿಂದ ಬಂದು ದಾಸರ ಪದಗಳಲ್ಲೇ ಪಳಗಿದವಳಿಗೆ ‘ಈ ವಾರ ಕುಣಿತದ ಹಾಡು’ ಎಂದರೆ ಅವಳ ಅಂಕ ಎತ್ತ ಹೋಗುತ್ತದೆ ಎಂದು ಯಾರಾದರೂ ಊಹಿಸಬಹುದು.

ಸರದಿಯೂ ಮುಖ್ಯ. ಯುರೋಪಿನ ‘ಯೂರೋವಿಷನ್’ ಗೀತಸ್ಪರ್ಧೆಯ ಅಂಕಗಳನ್ನು ಪರಿಶೀಲಿಸಿದ ಸಂಶೋಧಕರು, ಕೊನೆಯ ಕಡೆಗೆ ಹಾಡಿದವರಿಗೆ ಹೆಚ್ಚು ಅಂಕ ಬೀಳುವ ಒಲವನ್ನು ಗುರುತಿಸಿದ್ದಾರೆ. ನೆನಪಿನಲ್ಲಿ ತಾಜಾ ಇರುವುದಕ್ಕೆ ಮತ ಹೆಚ್ಚು. ಅಲ್ಲಿ ಮೊದಲು ಚೀಟಿ ಎತ್ತಿ ಸರದಿ ನಿರ್ಧರಿಸುತ್ತಿದ್ದರು. 2013ರಿಂದ ಬಹುಮಟ್ಟಿಗೆ ನಿರ್ಮಾಪಕರೇ ನಿರ್ಧರಿಸುತ್ತಾರೆ, ಅದನ್ನು ಬಹಿರಂಗವಾಗಿ ಹೇಳಿಕೊಂಡೂ ಇದ್ದಾರೆ.

ನಾವು ಕೇಳುವ ಧ್ವನಿ ಕೂಡ ಸಭಾಂಗಣದಲ್ಲಿ ಹೊಮ್ಮಿದ ಧ್ವನಿಯೇ ಆಗಿರಬೇಕೆಂದಿಲ್ಲ. 2010ರಲ್ಲಿ ಬ್ರಿಟನ್ನಿನ ‘ದಿ ಎಕ್ಸ್ ಫ್ಯಾಕ್ಟರ್’ ಆಡಿಷನ್‌ಗಳ ಧ್ವನಿಗೆ ಶ್ರುತಿ ಸರಿಪಡಿಸುವ ತಂತ್ರಾಂಶ ಬಳಸಿದ್ದು ಬಯಲಾಗಿ ದೊಡ್ಡ ಗದ್ದಲವಾಯಿತು. ತೀರ್ಪುಗಾರರು ಕೇಳಿದ್ದು ಒಂದು, ಮನೆಯವರು ಕೇಳಿದ್ದು ಇನ್ನೊಂದು. ಮೊದಲೇ ಮುದ್ರಿಸಿ, ಧ್ವನಿ ಹದಗೊಳಿಸಿ ಪ್ರಸಾರ ಮಾಡುವ ಯಾವ ಕಾರ್ಯಕ್ರಮದಲ್ಲೂ ಈ ಅಂತರ ಬರಬಹುದು.

ಸೂತ್ರ ಬದಲಾದರೆ ಗೆದ್ದವನೂ ಬದಲು

‘ತೀರ್ಪುಗಾರರ ಅಂಕ ಅರ್ಧ, ಜನರ ಮತ ಅರ್ಧ’ ಎಂದು ಕೇಳಿದಾಗ ಎಲ್ಲರಿಗೂ ನ್ಯಾಯವೆನಿಸುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಮೂವರು ಗಾಯಕರು: ಅನಿತಾ, ಬಸವ, ಚೆನ್ನಪ್ಪ. ತೀರ್ಪುಗಾರರು ನೂರಕ್ಕೆ ಕ್ರಮವಾಗಿ 95, 90, 85 ಕೊಟ್ಟರು. ಜನರ ಮತ ಅದಕ್ಕೆ ತಿರುವುಮುರುವು: ಅನಿತಾಗೆ ಶೇ 20, ಬಸವನಿಗೆ ಶೇ 30, ಚೆನ್ನಪ್ಪನಿಗೆ ಶೇ 50.

ಮೊದಲ ವಿಧಾನದಲ್ಲಿ ಅಂಕಗಳನ್ನೂ ಶೇಕಡಾವಾರು ಮಾಡಿ ಕೂಡಿಸೋಣ. ಒಟ್ಟು 270 ಅಂಕಗಳಲ್ಲಿ ಅನಿತಾ ಪಾಲು ಸುಮಾರು ಶೇ 35, ಬಸವನದು 33, ಚೆನ್ನಪ್ಪನದು 31.5. ಮೂವರ ನಡುವೆ ಹೆಚ್ಚು ಅಂತರವೇ ಇಲ್ಲ. ಮತಗಳಲ್ಲಿ ಅಂತರ ಭಾರಿ. ಹಾಗಾಗಿ ಅರ್ಧ–ಅರ್ಧ ಕೂಡಿಸಿದರೆ ಚೆನ್ನಪ್ಪ ಸಲೀಸಾಗಿ ಗೆಲ್ಲುತ್ತಾನೆ. ತೀರ್ಪುಗಾರರ ತೂಕವನ್ನು ಶೇ 70ಕ್ಕೆ ಏರಿಸಿದರೂ ಅವನೇ ಗೆಲ್ಲುತ್ತಾನೆ. ‘ತೀರ್ಪುಗಾರರಿಗೆ ಶೇ 70’ ಎಂಬ ಘೋಷಣೆ ಇಲ್ಲಿ ಹೆಸರಿಗಷ್ಟೇ.

ಎರಡನೇ ವಿಧಾನದಲ್ಲಿ ಅಂಕಗಳನ್ನು ಬಿಟ್ಟು ಸ್ಥಾನಗಳನ್ನು ಲೆಕ್ಕಿಸೋಣ: ಮೊದಲ ಸ್ಥಾನಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಅರ್ಧ–ಅರ್ಧವಾದರೆ ಮೂವರೂ ಸಮ. ತೀರ್ಪುಗಾರರಿಗೆ ಶೇ 70 ಕೊಟ್ಟರೆ ಅನಿತಾ ಗೆಲ್ಲುತ್ತಾಳೆ, ಚೆನ್ನಪ್ಪ ಕೊನೆಯವನಾಗುತ್ತಾನೆ. ಅದೇ ಹಾಡು, ಅದೇ ಅಂಕ, ಅದೇ ಮತ. ಒಂದು ಮತವನ್ನೂ ತಿದ್ದದೆ ಗೆದ್ದವರು ಬದಲಾದರು. ಸೂತ್ರವನ್ನು ಆವೃತ್ತಿ ಶುರುವಾಗುವ ಮೊದಲೇ ಪ್ರಕಟಿಸಿದರೆ ಇದು ನಿಯಮ ಎನಿಸುತ್ತದೆ. ಪ್ರಕಟಿಸದೆ ಕೊನೆಯ ವಾರ ನಿರ್ಧರಿಸುವ ಅವಕಾಶ ಉಳಿಸಿಕೊಂಡರೆ ಅದೇ ಸೂತ್ರ ಆಯುಧವಾಗುತ್ತದೆ.

ಸೂತ್ರ ತಾನಾಗಿಯೇ ಎಡವಿದ್ದೂ ಇದೆ. 2008ರಲ್ಲಿ ಬಿಬಿಸಿಯ ‘ಸ್ಟ್ರಿಕ್ಟ್ಲಿ ಕಮ್ ಡಾನ್ಸಿಂಗ್’ ಸೆಮಿಫೈನಲ್‌ನಲ್ಲಿ ತೀರ್ಪುಗಾರರ ಅಂಕದಲ್ಲಿ ಇಬ್ಬರು ಸ್ಪರ್ಧಿಗಳು ಸಮನಾದಾಗ, ಮೂರನೆಯವರು ಎಷ್ಟೇ ಮತ ಪಡೆದರೂ ಹೊರಬೀಳುವ ಭೀತಿಯ ಕೊನೆಯ ಇಬ್ಬರ ಸಾಲಿನಿಂದ ಪಾರಾಗಲು ಲೆಕ್ಕದಲ್ಲೇ ದಾರಿ ಇರಲಿಲ್ಲ. ಜನ ಮತ ಹಾಕುತ್ತಿದ್ದಾಗ ಇದು ಗೊತ್ತಾಗಿ, ಕೊನೆಗೆ ಮೂವರನ್ನೂ ಫೈನಲ್‌ಗೆ ಕಳುಹಿಸಿದರು.

ಹೊಗಳಿಕೆಯೂ ನಿರ್ದೇಶಿತ

2021ರಲ್ಲಿ ‘ಇಂಡಿಯನ್ ಐಡಲ್’ನ ಹನ್ನೆರಡನೇ ಆವೃತ್ತಿಗೆ ಕಿಶೋರ್ ಕುಮಾರ್ ವಿಶೇಷ ಸಂಚಿಕೆಯ ಅತಿಥಿಯಾಗಿ ಹೋಗಿದ್ದ ಅವರ ಮಗ ಅಮಿತ್ ಕುಮಾರ್, ಎಲ್ಲರನ್ನೂ ಹೊಗಳಬೇಕೆಂದು ತಮಗೆ ಹೇಳಿದ್ದರು ಎಂದು ಆಮೇಲೆ ಬಹಿರಂಗವಾಗಿ ಹೇಳಿದರು. ಅದೇ ಕಾರ್ಯಕ್ರಮದ ಹಿಂದಿನ ತೀರ್ಪುಗಾರ್ತಿ ಸುನಿಧಿ ಚೌಹಾಣ್ ಕೂಡ ತಾವು ಹೊರಬಂದದ್ದಕ್ಕೆ ಇಂಥದೇ ಕಾರಣ ಕೊಟ್ಟರು. ಎಲ್ಲರನ್ನೂ ಎದ್ದುನಿಂತು ಹೊಗಳಿದರೆ ತೀರ್ಪುಗಾರರ ಮಾತಿನಿಂದ ನೋಡುಗರಿಗೆ ಏನೂ ತಿಳಿಯುವುದಿಲ್ಲ. ಕಿವಿ ಕೊಡಬೇಕಾದ ಜಾಗದಲ್ಲಿ ವಿಟಿಯ ಕಣ್ಣೀರು ಬಂದು ಕೂರುತ್ತದೆ.

ನಿಜವಾಗಿಯೂ ಎಣಿಕೆ ತಿದ್ದಿದಾಗ

ನೇರ ಮೋಸ ನಡೆದೇ ಇಲ್ಲವೆಂದಲ್ಲ. ದಕ್ಷಿಣ ಕೊರಿಯಾದ ಎಂನೆಟ್ ವಾಹಿನಿಯ ‘ಪ್ರೊಡ್ಯೂಸ್ ಎಕ್ಸ್ 101’ ಸ್ಪರ್ಧೆಯ ಫಲಿತಾಂಶ 2019ರಲ್ಲಿ ಬಂದಾಗ, ಹಲವು ಸ್ಪರ್ಧಿಗಳ ನಡುವಿನ ಮತಗಳ ಅಂತರ ಮತ್ತೆ ಮತ್ತೆ 29,978 ಎಂದೇ ಬರುತ್ತಿರುವುದನ್ನು ನೋಡುಗರು ಹಿಡಿದರು. ಪೊಲೀಸ್ ತನಿಖೆಯಾಯಿತು. ಆ ಸರಣಿಯ ಮುಖ್ಯ ನಿರ್ಮಾಪಕನಿಗೆ 2020ರಲ್ಲಿ ಎರಡು ವರ್ಷ ಜೈಲಾಯಿತು, ಗೆದ್ದವರನ್ನು ಸೇರಿಸಿ ಕಟ್ಟಿದ್ದ ಗಾಯನ ತಂಡವೇ ವಿಸರ್ಜನೆಯಾಯಿತು. ಅಲ್ಲಿ ಪ್ರತಿಯೊಬ್ಬರ ಮತಸಂಖ್ಯೆಯನ್ನೂ ತೋರಿಸಿದ್ದರಿಂದ ಮೋಸ ಸಿಕ್ಕಿಬಿತ್ತು ಎಂಬುದನ್ನು ಮರೆಯಬಾರದು.

ಅಮೆರಿಕದಲ್ಲಿ 1950ರ ದಶಕದ ರಸಪ್ರಶ್ನೆ ಕಾರ್ಯಕ್ರಮಗಳಲ್ಲಿ ನೋಡುಗರಿಗೆ ಪ್ರಿಯನಾದ ಸ್ಪರ್ಧಿಗೆ ಉತ್ತರಗಳನ್ನು ಮೊದಲೇ ಕೊಡುತ್ತಿದ್ದುದು ಬಯಲಾಗಿ, 1960ರಲ್ಲಿ ಸಂಸತ್ತು ಇಂಥ ಸ್ಪರ್ಧೆಗಳ ಫಲಿತಾಂಶ ತಿರುಚುವುದನ್ನು ಅಪರಾಧವಾಗಿಸಿತು. ಬ್ರಿಟನ್ನಿನಲ್ಲಿ ದೂರವಾಣಿ ಮತ ಮತ್ತು ಸ್ಪರ್ಧೆಗಳ ದುರುಪಯೋಗಕ್ಕಾಗಿ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2008ರಲ್ಲಿ ಐಟಿವಿಗೆ 56 ಲಕ್ಷ ಪೌಂಡ್‌ಗೂ ಹೆಚ್ಚು ದಂಡ ಹಾಕಿತು.

ನಮ್ಮ ಕಾನೂನು ಎಲ್ಲಿ ನಿಲ್ಲುತ್ತದೆ

ಭಾರತದಲ್ಲಿ ಟಿವಿ ಸ್ಪರ್ಧೆಯ ಫಲಿತಾಂಶ ತಿರುಚುವುದಕ್ಕೆಂದೇ ಪ್ರತ್ಯೇಕ ಅಪರಾಧವಿಲ್ಲ. 1995ರ ಕೇಬಲ್ ಟಿವಿ ಕಾಯ್ದೆಯಡಿಯ ಕಾರ್ಯಕ್ರಮ ಸಂಹಿತೆ ಅಶ್ಲೀಲತೆ, ದ್ವೇಷ, ಮಾನಹಾನಿಯಂಥ ವಿಷಯಗಳ ಸುತ್ತ ಹೆಣೆದದ್ದು. 2021ರ ತಿದ್ದುಪಡಿ ನಿಯಮಗಳ ಪ್ರಕಾರ ನೋಡುಗರು ಮೊದಲು ವಾಹಿನಿಗೇ ದೂರು ಕೊಡಬೇಕು, ವಾಹಿನಿ 15 ದಿನಗಳಲ್ಲಿ ಇತ್ಯರ್ಥಪಡಿಸಬೇಕು, ಒಪ್ಪಿಗೆಯಾಗದಿದ್ದರೆ ವಾಹಿನಿಗಳ ಸ್ವನಿಯಂತ್ರಣ ಮಂಡಳಿಗೆ ಹೋಗಬೇಕು. ಆದರೆ ಆ ದೂರು ಸಂಹಿತೆಯ ಉಲ್ಲಂಘನೆಯ ಬಗ್ಗೆ ಇರಬೇಕು. ‘ಸೂತ್ರ ಹೇಳಲಿಲ್ಲ’ ಎಂಬ ದೂರು ಅಲ್ಲಿ ನಿಲ್ಲುವುದು ಕಷ್ಟ.

ಗ್ರಾಹಕ ಕಾನೂನು ಇನ್ನೊಂದು ಬಾಗಿಲು. ‘ಕೌನ್ ಬನೇಗಾ ಕರೋಡ್‌ಪತಿ’ಯ ಜೊತೆಗೆ ನಡೆದ ಎಸ್‌ಎಂಎಸ್ ಸ್ಪರ್ಧೆಯೊಂದರಲ್ಲಿ ಬಹುಮಾನದ ಹಣವನ್ನು ನೋಡುಗರ ಎಸ್‌ಎಂಎಸ್ ದರದಿಂದಲೇ ತೆಗೆಯಲಾಗಿದೆ ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವಾಹಿನಿ ಮತ್ತು ದೂರಸಂಪರ್ಕ ಕಂಪನಿಗೆ 1 ಕೋಟಿ ರೂಪಾಯಿ ದಂಡನಾತ್ಮಕ ಪರಿಹಾರ ವಿಧಿಸಿತ್ತು. ಇದಕ್ಕೆ ಸಾಕ್ಷ್ಯ ಸಾಲದೆಂದು ಸುಪ್ರೀಂ ಕೋರ್ಟ್ ಆಮೇಲೆ ಅದನ್ನು ರದ್ದುಪಡಿಸಿತು. ಮತ ಉಚಿತವಾದ ಈ ದಿನಗಳಲ್ಲಿ ‘ಹಣ ಕಳೆದುಕೊಂಡೆ’ ಎನ್ನುವ ವಾದವೂ ಇಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಿಯಮ ಖಚಿತ: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸಂಪಾದನೆಯ ಶೇ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು.

ನಿರ್ಮಾಪಕರ ವಾದದಲ್ಲೂ ಹುರುಳಿದೆ

ಇದು ಪರೀಕ್ಷೆಯಲ್ಲ, ಮನರಂಜನೆ ಎನ್ನುತ್ತಾರೆ ಅವರು. ಕಥೆಯಿಲ್ಲದ ಸ್ಪರ್ಧೆಯನ್ನು ತಿಂಗಳುಗಟ್ಟಲೆ ಯಾರು ನೋಡುತ್ತಾರೆ? ನೋಡುವವರಿಲ್ಲದಿದ್ದರೆ ಜಾಹೀರಾತಿಲ್ಲ, ಜಾಹೀರಾತಿಲ್ಲದಿದ್ದರೆ ಕುಷ್ಟಗಿಯ ಹುಡುಗಿಗೆ ವೇದಿಕೆಯೂ ಇಲ್ಲ. ಮಾತು ನಿಜ. ರಂಗನಟ ಬಳ್ಳಾರಿ ರಾಘವರಿಂದ ದರೋಜಿಯ ಬುರ್ರಕಥಾ ಈರಮ್ಮನವರವರೆಗೆ ಈ ನೆಲದಲ್ಲಿ ಕಲಾವಿದರಿಗೆ ಬರವಿರಲಿಲ್ಲ, ಅವರ ಹೆಸರು ಮನೆಮನೆ ಮುಟ್ಟಲು ಮಾತ್ರ ದಶಕಗಳೇ ಬೇಕಾದವು. ಟಿವಿ ಅದನ್ನು ಮೂರು ತಿಂಗಳಲ್ಲಿ ಮಾಡುತ್ತದೆ. ಸೋತವರಿಗೂ ದಾರಿ ತೆರೆಯುತ್ತದೆ. 2005ರ ‘ಫೇಮ್ ಗುರುಕುಲ್’ನಲ್ಲಿ ಗೆಲ್ಲದೆ ಹೊರಬಿದ್ದ ಅರಿಜಿತ್ ಸಿಂಗ್ ಮುಂದೆ ಏನಾದರು ಎಂದು ಹೇಳಬೇಕಾಗಿಲ್ಲ.

ಈ ವಾದ ಎಡವುವುದು ಒಂದೇ ಕಡೆ. ಮನರಂಜನೆ ಎಂದು ಒಪ್ಪಿಕೊಂಡವರು ‘ನಿಮ್ಮ ಮತವೇ ನಿರ್ಣಾಯಕ’ ಎಂದು ವಾರಕ್ಕೆ ಹತ್ತು ಬಾರಿ ಕೂಗುವುದೇಕೆ? ಆ ಭರವಸೆಯನ್ನು ನಂಬಿಯೇ ಜನ ಆ್ಯಪ್ ತೆರೆಯುತ್ತಾರೆ.

ಊರಿನ ಹೆಮ್ಮೆ ಮತವಾದಾಗ

ಈ ಭರವಸೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಡಾರ್ಜಿಲಿಂಗ್ ಸಾಕ್ಷಿ. 2007ರ ‘ಇಂಡಿಯನ್ ಐಡಲ್’ನಲ್ಲಿ ಅಲ್ಲಿನ ಪ್ರಶಾಂತ್ ತಮಾಂಗ್ ಪರವಾಗಿ ಗುಡ್ಡಗಾಡಿನ ಜನ ಹಣ ಕೂಡಿಸಿ ಮತ ಹಾಕಿದರು. ಅವರು ಗೆದ್ದ ಮೇಲೆ ರೇಡಿಯೊ ನಿರೂಪಕನೊಬ್ಬನ ಅವಹೇಳನದ ಮಾತಿನಿಂದ ಸಿಲಿಗುರಿಯಲ್ಲಿ ಗಲಭೆಯೇ ನಡೆಯಿತು. ಆ ಮತ ಸಂಗ್ರಹದ ಮುಂಚೂಣಿಯಲ್ಲಿದ್ದ ಬಿಮಲ್ ಗುರುಂಗ್ ಅದೇ ಅಕ್ಟೋಬರ್‌ನಲ್ಲಿ ಪ್ರತ್ಯೇಕ ಗೂರ್ಖಾಲ್ಯಾಂಡ್ ರಾಜ್ಯ ಕೇಳುವ ಗೂರ್ಖಾ ಜನಮುಕ್ತಿ ಮೋರ್ಚಾ ಪಕ್ಷ ಕಟ್ಟಿದರು.

ನಮ್ಮಲ್ಲಿ ಅಷ್ಟು ದೂರ ಹೋಗಿಲ್ಲ. ಆದರೆ ‘ನಮ್ಮ ಜಿಲ್ಲೆಯ ಹುಡುಗನನ್ನು ಗೆಲ್ಲಿಸಿ’ ಎಂಬ ಫ್ಲೆಕ್ಸ್‌ಗಳ ಬಿಸಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಗೂ ಗೊತ್ತು. ಸಂವಿಧಾನದ 371(ಜೆ) ವಿಧಿಯಡಿಯ ವಿಶೇಷ ಸ್ಥಾನಮಾನಕ್ಕಾಗಿ ದಶಕಗಟ್ಟಲೆ ಹೋರಾಡಿದ ಭಾಗ ಇದು. ಅವಗಣನೆಯ ನೋವು ಇಲ್ಲಿ ಹಸಿಯಾಗಿದೆ. ಸ್ಪರ್ಧಿ ಹೊರಬಿದ್ದರೆ ‘ನಮ್ಮ ಭಾಗಕ್ಕೆ ಅನ್ಯಾಯ’ ಎಂಬ ಮಾತು ತಕ್ಷಣ ಏಳುತ್ತದೆ. ಆ ಸಿಟ್ಟೂ ವಾಹಿನಿಗೆ ನಷ್ಟವಲ್ಲ, ಮುಂದಿನ ವಾರ ವೈಲ್ಡ್ ಕಾರ್ಡ್ ಮೂಲಕ ಅದೇ ಸ್ಪರ್ಧಿಯನ್ನು ಕರೆತಂದರೆ ನೋಡುಗರು ದುಪ್ಪಟ್ಟಾಗುತ್ತಾರೆ.

ಮುಂದೆ ಆ್ಯಪ್ ಮತ ಹೆಚ್ಚಿದಂತೆ ಪರದೆಯ ಮೇಲಿನ ಕೋಟಿಗಳೂ ಬೆಳೆಯುತ್ತವೆ, ಒಬ್ಬೊಬ್ಬ ಸ್ಪರ್ಧಿಯ ಪೂರ್ತಿ ಲೆಕ್ಕ ತೋರಿಸುವ ಉತ್ಸಾಹ ಕುಗ್ಗುತ್ತದೆ. ಕೊರಿಯಾದ ಪಾಠವನ್ನು ನೋಡುಗರಿಗಿಂತ ಚೆನ್ನಾಗಿ ಕಲಿತವರು ನಿರ್ಮಾಪಕರು. ಅಭಿಮಾನಿಗಳ ಮತದ ಹುಚ್ಚು ಮಿತಿಮೀರಿದಾಗ ಚೀನಾ 2021ರಲ್ಲಿ ತಾರೆಯರನ್ನು ಆರಿಸುವ ಸ್ಪರ್ಧೆಗಳನ್ನೇ ನಿಷೇಧಿಸಿತು. ಇಲ್ಲಿ ಅಂಥದ್ದಕ್ಕೆ ಅವಕಾಶ ಕಡಿಮೆ, ಅದು ಬೇಕಾಗಿಯೂ ಇಲ್ಲ. ಸೂತ್ರವನ್ನು ಮೊದಲೇ ಪ್ರಕಟಿಸುವುದು, ಮತಗಳ ಜೊತೆ ಮತದಾರರ ಸಂಖ್ಯೆ ಹೇಳುವುದು, ಸರದಿಯನ್ನು ಚೀಟಿ ಎತ್ತಿ ನಿರ್ಧರಿಸುವುದು ಇಷ್ಟಾದರೆ ಅರ್ಧ ಅನುಮಾನ ಕರಗುತ್ತದೆ. ವಾಹಿನಿಗಳು ತಾವಾಗಿ ಇದಕ್ಕೆ ಮುಂದಾಗುವುದು ಅನುಮಾನ.

ಸ್ಪರ್ಧಿಗಳ ಮಟ್ಟಿಗೆ ಟ್ರೋಫಿಗಿಂತ ದೊಡ್ಡ ಲಾಭ ಹೆಸರಿನ ಹಿಂದೆ ಅಂಟುವ ‘ಖ್ಯಾತಿಯ’ ಎಂಬ ಪದ. ಅಂತಿಮ ಹಂತ ಮುಟ್ಟಿದವರಿಗೆ ಹಂಪಿ ಉತ್ಸವ, ಆನೆಗೊಂದಿ ಉತ್ಸವದಂಥ ವೇದಿಕೆಗಳೂ ಊರ ಜಾತ್ರೆಯ ರಸಮಂಜರಿಗಳೂ ಕಾದಿರುತ್ತವೆ. ನಿಜವಾದ ಸಂಪಾದನೆ ಅಲ್ಲಿಯೇ. ಆದ್ದರಿಂದ ಆಡಿಷನ್ ದಾಟಿದ ಮಕ್ಕಳ ಹೆತ್ತವರು ಫಲಿತಾಂಶದ ಚಿಂತೆಗಿಂತ ಮೊದಲು ಒಪ್ಪಂದ ಓದುವುದು ಒಳ್ಳೆಯದು. ಕಾರ್ಯಕ್ರಮ ಮುಗಿದ ಮೇಲೆ ಎಷ್ಟು ತಿಂಗಳು ಬೇರೆಡೆ ಹಾಡುವಂತಿಲ್ಲ, ಹೊರಗಿನ ಸಂಭಾವನೆಯಲ್ಲಿ ಯಾರಿಗೆ ಎಷ್ಟು ಪಾಲು, ಮನೆಯಲ್ಲಿ ಚಿತ್ರೀಕರಿಸಿದ ದೃಶ್ಯಗಳನ್ನು ಎಲ್ಲೆಲ್ಲಿ ಬಳಸಬಹುದು ಎಂಬ ಷರತ್ತುಗಳು ಇರುವುದು ಅದರಲ್ಲೇ. ನಿರ್ಬಂಧದ ತಿಂಗಳುಗಳು ಗವಿಸಿದ್ಧೇಶ್ವರ ಜಾತ್ರೆಯಿಂದ ಯುಗಾದಿಯವರೆಗಿನ ಹಂಗಾಮಿನ ಮೇಲೆ ಬಿದ್ದರೆ, ಟಿವಿಯ ಹೆಸರು ಹಣವಾಗುವ ಮೊದಲ ವರ್ಷವೇ ಕೈತಪ್ಪುತ್ತದೆ.